ಅನುಮಾನಪ್ಪನ ಲಕೋಟೆಗಳು

ಆಸ್ಪತ್ರೆಯ ಔಷಧದ ಸ್ಟೋರು ನೋಡಿಕೊಳ್ಳುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಊರಿಗೆಲ್ಲ ಅವನು ಅನುಮಾನಪ್ಪ. ಬೀಗ ಹಾಕಿ ಮೂರು ಸಲ ಜಗ್ಗುವವನು, ಸೀಲು ಒಡೆಯದ ಡಬ್ಬಿಯನ್ನೂ ತೂಗಿ ನೋಡುವವನು. "ನಮ್ಮೆಜಮಾನ್ರು ಕನ್ನಡಿ ನೋಡಿದ್ರೂ ಇವನ್ಯಾರು ಅಂತ ಕೇಳ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆ ವರ್ಷ ವಾಸಿಯಾಗದ ಕಾಲು ಹುಣ್ಣಿಗೆ ಹೊಸ ಮುಲಾಮೊಂದು ಬಂತು. ಹಳೆಯದಕ್ಕಿಂತ ಅದು ಮೇಲೋ ಅಲ್ಲವೋ ಎಂದು ಡಾಕ್ಟರಮ್ಮ ಪರೀಕ್ಷೆಗೆ ಇಳಿದರು. ಯಾರಿಗೆ ಯಾವುದು ಎಂಬುದನ್ನು ಮನುಷ್ಯರು ಆರಿಸಬಾರದು, ಚೀಟಿಯೇ ಆರಿಸಬೇಕು ಎಂಬುದು ಅವರ ಕಟ್ಟುನಿಟ್ಟು. 'ಹಳೇದು', 'ಹೊಸದು' ಎಂದು ಬರೆದ ಚೀಟಿಗಳನ್ನು ಕಲಸಿ, ಒಂದೊಂದನ್ನು ಲಕೋಟೆಗೆ ಹಾಕಿ ಅಂಟಿಸಿ, ಸಾಲಾಗಿ ನಂಬರು ಹಾಕಿದರು. ರೋಗಿ ಒಪ್ಪಿದ ಮೇಲೆ ಡ್ರೆಸಿಂಗ್ ರೂಮಿನ ನರ್ಸಮ್ಮ ಮುಂದಿನ ಲಕೋಟೆ ಒಡೆಯಬೇಕು. ಚೀಟಿ ನೋಡಿ ಡಬ್ಬಿ ಕೊಡುವುದು ಅನುಮಾನಪ್ಪನ ಕೆಲಸ.

ಎರಡು ತಿಂಗಳಾಗುವಷ್ಟರಲ್ಲಿ ಅವನ ಮೂಗಿಗೆ ವಾಸನೆ ಬಡಿಯಿತು. ಕೋಲೂರಿಕೊಂಡು ಬರುವ ಮುದುಕರಿಗೆಲ್ಲ ಹೊಸ ಡಬ್ಬಿ, ಸೈಕಲ್ ಹತ್ತಿ ಹೋಗುವ ಗಟ್ಟಿಗರಿಗೆಲ್ಲ ಹಳೇ ಡಬ್ಬಿ. ಚೀಟಿಗೆ ಕಣ್ಣಿದೆಯೇ, ಮುಪ್ಪು ನೋಡಿ ಕರಗಲು? ನರ್ಸಮ್ಮ ಕೈ ಬಿಸಿ ಮಾಡಿಸಿಕೊಳ್ಳುತ್ತಿದ್ದಾಳೆ ಎಂದೇ ಅವನು ತೀರ್ಮಾನಿಸಿದ. ಮನೆಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆ ಹೊಕ್ಕು, "ಆ ನರ್ಸಮ್ಮನ್ನ ನಂಬಬೇಡಕ್ಕ, ಅವಳು ಆಡೋದೊಂದು, ಮಾಡೋದೊಂದು" ಎಂದು ದಿನಾ ಊದಿದ. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಈ ಅಕ್ಕ. ಅವಳ ಹತ್ತಿರ ಅವನು ಮುಚ್ಚಿಡುವುದೇನೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಡ್ರೆಸಿಂಗ್ ರೂಮಿನ ಬಾಗಿಲ ಸಂದಿಯಲ್ಲಿ ನಿಂತು ನೋಡಿದ. ನರ್ಸಮ್ಮ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು, ಒಳಗಿನ ಅಕ್ಷರ ಓದಿದಳು, ಎದುರಿಗಿದ್ದ ಮುದುಕಿಗೆ "ಸ್ವಲ್ಪ ಹೊರಗೆ ಕೂತಿರಿ ಅಜ್ಜಿ" ಎಂದು, ಹಿಂದಿದ್ದ ದೃಢಕಾಯದವನನ್ನು ಮೊದಲು ಕರೆದಳು.

"ಸಿಕ್ಕಿಬಿದ್ರಿ," ಎಂದ ಅನುಮಾನಪ್ಪ.

"ಯಾರ ಹತ್ರಾನೂ ಒಂದು ಕಾಸು ಮುಟ್ಟಿಲ್ಲ ಅಣ್ಣಾ," ಎಂದು ಅವಳು ಅತ್ತಳು. "ತೀರಾ ಕೊಳೆತು ಹೋಗಿರೋ ಕಾಲಿಗಾದ್ರೂ ಹೊಸದು ಸಿಗ್ಲಿ ಅಂತ..."

ಸುದ್ದಿ ತಿಳಿದ ಡಾಕ್ಟರಮ್ಮ ಲೆಕ್ಕದ ಪುಸ್ತಕ ತಿರುವಿ ಹಣೆಗೆ ಕೈ ಹಚ್ಚಿದರು. "ಕೆಟ್ಟ ಹುಣ್ಣೆಲ್ಲ ಹೊಸದರ ಪಾಲಿಗೆ ಬಿದ್ರೆ ಹೊಸದೇ ಕೆಟ್ಟದ್ದು ಅಂತ ಕಾಣುತ್ತೆ ಕಣಮ್ಮ. ನಿನ್ನ ಕರುಣೆಯಿಂದ ಒಳ್ಳೇ ಔಷಧ ತಿಪ್ಪೆಗೆ ಹೋಗ್ತಿತ್ತು." ಅದುವರೆಗಿನ ಇಪ್ಪತ್ತಾರು ಜನರ ಲೆಕ್ಕ ಬಿಟ್ಟು, ಮೊದಲಿಂದ ಶುರು ಮಾಡಿದರು. ಈಗ ಲಕೋಟೆಯೊಳಗೆ ಕಪ್ಪು ಕಾಗದ. ಒಡೆಯುವ ಮೊದಲು ಮೇಲೆ ರೋಗಿಯ ಹೆಸರು. ಲಕೋಟೆಗಳೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೀಗದ ಕೈ ಅನುಮಾನಪ್ಪನ ಸೊಂಟದಲ್ಲಿ.

ಮೂರನೇ ವಾರ ಅಕ್ಕ ಬಂದಳು. ಅವಳ ಕಾಲ್ಬೆರಳ ಬುಡದ ಹುಣ್ಣಿಗೆ ಹತ್ತು ತಿಂಗಳಾಗಿತ್ತು. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರಮ್ಮ.

"ಚೀಟಿಲಿ ಬಂದಿದ್ದೇ ಅಕ್ಕ, ನನ್ನ ಕೈಲೇನೂ ಇಲ್ಲ," ಎಂದ ತಮ್ಮ.

"ಗೊತ್ತು ಬಿಡೋ. ನೀನಿದ್ದೀಯಲ್ಲ," ಎಂದು ನಕ್ಕು ಅವಳು ಸಹಿ ಹಾಕಿ, ಹೊರಗಿನ ಬೆಂಚಿಗೆ ಹೋಗಿ ಕೂತಳು.

ಆ ನಗು ಕಂಡು ಅವನಿಗೆ ಭಯವಾಯಿತು. ಲಕೋಟೆಯ ಅಂಟನ್ನು ಹಬೆಗೆ ಹಿಡಿದು ಬಿಡಿಸುವುದು ಅವನಿಗೇನು ಬಾರದ ವಿದ್ಯೆಯಲ್ಲ. ಅವನು ಸೊಂಟದಿಂದ ಬೀಗದ ಕೈ ಬಿಚ್ಚಿ ನರ್ಸಮ್ಮನ ಮುಂದೆ ಇಟ್ಟ. "ಇವತ್ತು ಪೆಟ್ಟಿಗೆ ನೀವೇ ತೆಗೀರಿ. ನನ್ನ ಮೇಲೆ ನನಗೇ ಅನುಮಾನ."

ಅವಳು ಹೆಸರು ಬರೆದು, ಒಡೆದು, ಚೀಟಿ ಬಿಡಿಸಿದಳು. ಹಳೇದು.

"ಅಣ್ಣಾ, ಇನ್ನೊಂದು ತೆಗೀಲಾ?" ಎಂದಳು ಮೆಲ್ಲಗೆ.

ಅವನು ಸ್ಟೋರಿಗೆ ಹೋಗಿ ಹಳೇ ಡಬ್ಬಿ ತಂದು ಅಕ್ಕನಿಗೆ ಕೊಟ್ಟ.

ಪರೀಕ್ಷೆ ಮುಗಿಯುವ ಹೊತ್ತಿಗೆ ಅಕ್ಕನ ಎರಡು ಬೆರಳು ಹೋಗಿದ್ದವು. ಹೊಸ ಮುಲಾಮು ನಿಚ್ಚಳವಾಗಿ ಗೆದ್ದಿತ್ತು. ಇನ್ನು ಎಲ್ಲರಿಗೂ ಅದೇ ಎಂದು ಡಾಕ್ಟರಮ್ಮ ಹೇಳಿದ ದಿನವೇ ಅವನು ಹೊಸ ಡಬ್ಬಿ ಹಿಡಿದು ಅಕ್ಕನ ಮನೆಗೆ ಓಡಿದ. ಅವಳು ಡಬ್ಬಿ ತೆಗೆದುಕೊಂಡಳು. ಕಾಲನ್ನು ಸೀರೆಯಡಿ ಎಳೆದುಕೊಂಡಳು.

"ನಿಜ ಹೇಳು. ಅವತ್ತು ಲಕೋಟೆ ಒಳಗೇನಿದೆ ಅಂತ ನೋಡಿದ್ದೆ ತಾನೆ? ನೀನೆಷ್ಟು ನಿಯತ್ತಿನವನು ಅಂತ ಊರಿಗೆ ತೋರಿಸ್ಕೊಳ್ಳೋಕೆ, ಬೇಕಂತಲೇ ನನಗೆ ಹಳೇದು ಕೊಟ್ಟೆ."

"ಅಯ್ಯೋ ಅಕ್ಕ! ನಾನು ಮುಟ್ಟೂ ಇಲ್ಲ. ಒಡೆದಿದ್ದು ನರ್ಸಮ್ಮ. ಬೇಕಾದ್ರೆ ಅವಳನ್ನೇ ಕೇಳು."

"ಅವಳನ್ನ ನಂಬಬೇಡ ಅಂದೋನು ನೀನೇ ಅಲ್ವೇನೋ?"

ಸುಳ್ಳು ಹೇಳುವವರ ಮುಖ ಹೇಗಿರುತ್ತದೆಂದು ಅವನಿಗೆ ಇಷ್ಟು ವರ್ಷ ಚೆನ್ನಾಗಿ ಗೊತ್ತಿತ್ತು. ಈಗ ತನ್ನದೂ ಹಾಗೇ ಕಾಣುತ್ತಿದೆ ಎನಿಸಿ ತಲೆ ತಗ್ಗಿಸಿದ.