ಹೆಸರು ಬದಲಿಸಿದವಳ ದಿಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಸಗಿ ವಿಶ್ವವಿದ್ಯಾಲಯವೊಂದರ ಸಮಾಜಶಾಸ್ತ್ರ ವಿಭಾಗದ ಮೂಲೆಕೋಣೆಯಲ್ಲಿ ಒಬ್ಬ ಹುಡುಗಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಾಳೆ. ಪ್ರಾಧ್ಯಾಪಕರು ಸಂಶೋಧನೆಗಾಗಿ ಮಾಡಿದ ಸಂದರ್ಶನಗಳ ರೆಕಾರ್ಡಿಂಗ್ ಕೇಳಿ, ಕೆಮ್ಮು, ನಗು, ನಿಟ್ಟುಸಿರು ಸಮೇತ ಟೈಪ್ ಮಾಡುವುದು ಅವಳ ಕೆಲಸ. ಆಮೇಲೆ ತರಗತಿ; ಅಲ್ಲಿ ಅವಳೂ ವಿದ್ಯಾರ್ಥಿನಿ. ಪುಸ್ತಕ ಬರೆಯುವವರಿಗೆ ಚಪ್ಪಾಳೆ, ಕೇಳಿ ಕೇಳಿ ಕಿವಿ ತೂತಾದವಳಿಗೆ ಮುನ್ನುಡಿಯಲ್ಲೂ ಜಾಗವಿಲ್ಲ.

ಇವತ್ತು ಅವಳು ಒಂದೇ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳುತ್ತಿದ್ದಾಳೆ. "ನನ್ನಿಂದ ಒಂದು ತಪ್ಪಾಗಿದೆ ಮೇಡಂ," ಎನ್ನುತ್ತಾಳೆ, ಅವಳ ಕೆಲಸದ ಬಗ್ಗೆ ಬರೆಯಲು ಬಂದ ನನಗೆ.

ಅವಳನ್ನು ಸಾಕಿದ ಚಿಕ್ಕಮ್ಮ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆಯವರು. "ಹಿಂಬಾಗಿಲಿಗೆ ಬೀಗ ಹಾಕಿ ಕೆಲಸ ಮಾಡಿಸ್ತಾರೆ. ಬೆಂಕಿ ಬಿದ್ರೆ ನಾವೆಲ್ಲ ಒಳಗೇ," ಎಂದು ಅವರು ಸಂದರ್ಶನದಲ್ಲಿ ಹೇಳಿದ್ದರು. ಹುಡುಗಿ ಅವರ ಹೆಸರು, ವಯಸ್ಸು ಎಲ್ಲ ಬದಲಿಸಿದಳು. ಮಾತನ್ನು ಮಾತ್ರ ನಿಯಮದಂತೆ ಆಡಿದ ಹಾಗೇ ಬರೆದಳು. ಎದುರಿಗಿದ್ದವರನ್ನೆಲ್ಲ "ನನ್ನ ಬಂಗಾರದ ಕತ್ತೆ" ಎನ್ನುವುದು ಚಿಕ್ಕಮ್ಮನ ರೂಢಿ; ಅದೂ ಹಾಗೇ ಅಚ್ಚಾಯಿತು. ಅದು ಯಾರ ಮಾತೆಂದು ಆ ಕಾರ್ಖಾನೆಯಲ್ಲಿ ಯಾರೂ ಕೇಳಬೇಕಿಲ್ಲ. ಸಂದರ್ಶನಗಳ ಆ ವರದಿ ನಿನ್ನೆ ಅಲ್ಲಿನ ಮ್ಯಾನೇಜರ್ ಕೈ ಸೇರಿದೆ.

"ಬೇರೆಯವರು ಅಂದಿದ್ರೆ ತಕ್ಷಣ ಹಿಡೀತಿದ್ದೆ. ಹುಟ್ಟಿದಾಗಿಂದ ಕೇಳ್ತಿರೋ ಮಾತು ನೋಡಿ, ಅದರಲ್ಲಿ ಗುರುತು ಸಿಗುತ್ತೆ ಅಂತ ಹೊಳೀಲೇ ಇಲ್ಲ."

ಮುಂದಿನ ಮುದ್ರಣದಲ್ಲಿ ತಿದ್ದೋಣ ಎಂದರಂತೆ ಪ್ರಾಧ್ಯಾಪಕರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ಬಿಸಿಲೇರುವ ಹೊತ್ತಿಗೆ ಫೋನ್. ಹುಡುಗಿಯ ಮುಖ ಬಿಳಿಚಿಕೊಳ್ಳುತ್ತದೆ. ಕಾರ್ಖಾನೆ ಗೇಟಿನಿಂದ ಚಿಕ್ಕಮ್ಮ. ದನಿ ನನಗೂ ಕೇಳುವಷ್ಟು ಜೋರು.

"ಅಳ್ಬೇಡ್ವೇ. ರಾತ್ರಿ ನೀ ಹೇಳಿದ್ದನ್ನ ಈಗ ಬರುವಾಗ ವ್ಯಾನಲ್ಲಿ ಎಲ್ಲರಿಗೂ ಹೇಳ್ದೆ. ನಮ್ಮ ಹೊಲಿಗೆ ಸಾಲಿನೋರೆಲ್ಲ ಒಬ್ಬರನ್ನೊಬ್ಬರು ಬಂಗಾರದ ಕತ್ತೆ ಅಂತಾನೇ ಕರೀತಿದ್ದಾರೆ. ಒಳಗೂ ಹಂಗೇ ಕರೀತಾರಂತೆ. ಯಾರನ್ನ ಅಂತ ಹಿಡೀತಾನೆ ಆ ಮ್ಯಾನೇಜರು?"

ನಾನು ನಕ್ಕುಬಿಡುತ್ತೇನೆ. ಹುಡುಗಿ ನಗುವುದಿಲ್ಲ.

"ಇಷ್ಟೊತ್ತು ಒಬ್ಬರ ಕೆಲಸ ಹೋಗುತ್ತೆ ಅಂತ ಹೆದರ್ತಿದ್ದೆ. ಈಗ ಇಡೀ ಸಾಲಿನೋರ ಕೆಲಸ. ಅಷ್ಟೂ ಹೆಂಗಸರು ನನ್ನ ತಪ್ಪಿಗೆ ತಲೆ ಕೊಟ್ಟು ನಿಂತಿದ್ದಾರೆ ಮೇಡಂ."

ಗೇಟು ಮುಚ್ಚುವ ಹೊತ್ತಾಯಿತೆಂದು ಫೋನ್ ಕಟ್ಟಾಗುತ್ತದೆ. ಈಗ ಏನಾದರೆ ನಿನಗೆ ಸಮಾಧಾನ ಎಂದು ಕೇಳುತ್ತೇನೆ.

"ಸಂಜೆ ಚಿಕ್ಕಮ್ಮ ಮನೆಗೆ ಬಂದು, ನಾಳೆ ಬೇಗ ಎಬ್ಬಿಸು, ಕೆಲಸಕ್ಕೆ ಹೊತ್ತಾಗುತ್ತೆ ಅಂತ ಗೊಣಗಬೇಕು. ಅಷ್ಟೇ."