ಹುಣಸೆ ಕಾಲದ ಪುಸ್ತಕ

ಪುಸ್ತಕದಿಂದ ಹುಣಸೆಹಣ್ಣಿನ ವಾಸನೆ ಬರುತ್ತಿದೆ ಅಂದರೆ ಮಗಳು ನಂಬಲಿಲ್ಲ. ಮೂಗಿಗೇ ಹಿಡಿದೆ. ಹಳೇ ಪೇಪರ್ ವಾಸನೆ ಅಷ್ಟೇ ಅಂತ ತಮಿಳಿನಲ್ಲಿ ಹೇಳಿ ಒಳಗೆ ಹೋದಳು. ಇರಲಿ, ಅವಳ ಮೂಗು ಅವಳದು. ರಟ್ಟು ಕಿತ್ತುಹೋದ ಆ ಕಾದಂಬರಿಯ ಹಾಳೆಗಳ ಅಂಚಿನಲ್ಲಿ ಕಂದು ಬಣ್ಣದ ಹೆಬ್ಬೆರಳ ಗುರುತುಗಳು ಈಗಲೂ ಇವೆ. ಬೆಳಿಗ್ಗೆ ಫೋನಿಗೆ ಯಾವುದೋ ಓದುಗರ ಗುಂಪಿನಿಂದ ‘ಈ ಬೇಸಿಗೆಗೆ ಓದಲೇಬೇಕಾದ ಪುಸ್ತಕಗಳು’ ಅಂತ ಒಂದು ಪಟ್ಟಿ ಬಂದಿತ್ತು. ಅದರಲ್ಲಿ ಯಾವುದಾದರೂ ನನ್ನ ಟ್ರಂಕಿನಲ್ಲಿದೆಯೋ ಅಂತ ಹುಡುಕಲು ಹೋಗಿ ಇದು ಕೈಗೆ ಸಿಕ್ಕಿತು. ಪಟ್ಟಿ ಅಲ್ಲಿಗೇ ಮರೆತುಹೋಯಿತು.

ಯಾವ ಕಾಲಕ್ಕೆ ಯಾವ ಪುಸ್ತಕ ಅಂತ ಹೇಳುವ ಹಕ್ಕು ನನ್ನ ಮಟ್ಟಿಗೆ ಒಬ್ಬಳಿಗೇ ಇತ್ತು. ನಮ್ಮ ಮೂಲೆಮನೆ ದೊಡ್ಡವ್ವನಿಗೆ.

ತೊಂಬತ್ತರ ದಶಕ ಶುರುವಾಗುವಾಗ ನಾನು ತಮಿಳುನಾಡಿನ ಎಡಪ್ಪಾಡಿಯ ಮಗ್ಗದ ಮನೆಯಿಂದ ಪಾಲಮಲೆಯ ಬುಡದ ಈ ಊರಿಗೆ ಸೊಸೆಯಾಗಿ ಬಂದೆ. ತವರಿನಲ್ಲೂ ಇಲ್ಲೂ ಮನೆಮಾತು ಕನ್ನಡವೇ, ಆದರೆ ನಾನು ಓದಿದ್ದೆಲ್ಲ ತಮಿಳು. ಕನ್ನಡ ಅಕ್ಷರವನ್ನು ಬೆಂಗಳೂರು ಬಸ್ಸಿನ ಬೋರ್ಡಿನಲ್ಲಿ ಕಂಡಿದ್ದೆ, ಅಷ್ಟೇ. ದೊಡ್ಡವ್ವ ಕೊಳ್ಳೇಗಾಲದ ಕಡೆಯಿಂದ ಬಂದವಳು. ಊರಿಗೆಲ್ಲ ಕನ್ನಡ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ. ಅವಳ ತಮ್ಮ ಆಗೊಮ್ಮೆ ಈಗೊಮ್ಮೆ ಬಂದಾಗ ವಾರಪತ್ರಿಕೆ, ಕಾದಂಬರಿಗಳ ಕಟ್ಟು ತಂದು ಹಾಕಿ ಹೋಗುತ್ತಿದ್ದ.

ಬಿಸಿಲು ಏರತೊಡಗುವ ಮಾಸಿ, ಪಂಗುನಿ ತಿಂಗಳು ಬಂತೆಂದರೆ ಹುಣಸೆ ಕಾಲ. ಮಧ್ಯಾಹ್ನ ಊಟ ಮುಗಿಸಿ ಬೀದಿಯ ಹೆಂಗಸರೆಲ್ಲ ತಂತಮ್ಮ ಮೂಟೆ ಎಳೆದುಕೊಂಡು ದೊಡ್ಡವ್ವನ ಜಗಲಿಗೆ ಬರುತ್ತಿದ್ದರು. ಓಡು ಬಿಡಿಸಿ, ನಾರು ಕಿತ್ತು, ಜಜ್ಜಿ ಬೀಜ ತೆಗೆಯುವ ಕೆಲಸ. ಅವಳು ಗೋಡೆಗೆ ಒರಗಿ ಪುಸ್ತಕ ಬಿಚ್ಚುವಳು. ಓದುವವಳ ಕೈ ಅಂಟಾದರೆ ಹಾಳೆಗೆ ಹಾಳೆ ಹತ್ತಿಕೊಳ್ಳುತ್ತದಲ್ಲ, ಅದಕ್ಕೆ ಅವಳ ಪಾಲಿನ ಹುಣಸೆಯನ್ನು ಕೇಳುವವರೇ ಬಿಡಿಸಿಕೊಡಬೇಕು. ಯಾರೂ ಬಾಯಿಬಿಟ್ಟು ಮಾಡಿದ ಒಪ್ಪಂದವಲ್ಲ, ಹಾಗೇ ನಡೆದುಬಂದಿತ್ತು.

ಹುಣಸೆಗೆ ಅಳಿಸುವ ದೊಡ್ಡ ಕಾದಂಬರಿ. ಕೈ ನಿಧಾನ, ಕತೆಯೂ ನಿಧಾನವಾಗಿರಲಿ ಅನ್ನುವುದು ಅವಳ ವಾದ. ಆಡಿ ತಿಂಗಳ ಬಿತ್ತನೆಗೆ ಕಡಲೆಕಾಯಿ ಸುಲಿಯುವಾಗ ದೆವ್ವದ ಕತೆ, ಕೊಲೆಯ ಕತೆ. ಆಗ ನಗಿಸುವ ಪುಸ್ತಕ ಕೂಡದು, ನಗುತ್ತಾ ನಗುತ್ತಾ ಬಿತ್ತನೆ ಬೀಜ ಬಾಯಿಗೆ ಹೋಗುತ್ತದೆ. ಹೆದರಿದವಳ ಬಾಯಿ ಒಣಗಿರುತ್ತದೆ, ತಿನ್ನುವುದಿಲ್ಲ! ಮಳೆ ಹಿಡಿದಾಗ ಸಣ್ಣ ಕತೆಗಳು, ಯಾಕೆಂದರೆ ಕುರಿ ಒದರಿತು ಅಂತ ಯಾರಾದರೂ ಏಳುತ್ತಲೇ ಇರುತ್ತಾರೆ. ಈ ಫೋನಿನ ಪಟ್ಟಿ ಮಾಡಿದವರಿಗೆ ಇಷ್ಟು ತಿಳುವಳಿಕೆ ಇದೆಯೇ, ನೀವೇ ಹೇಳಿ.

ಪುಸ್ತಕಲೋಕದ ಸುದ್ದಿಯನ್ನೂ ಅವಳು ನೆಂಟರ ಸುದ್ದಿಯಂತೆ ಹೇಳುತ್ತಿದ್ದಳು. ಯಾರ ಹೊಸ ಕಾದಂಬರಿ ಬಂತು, ಯಾರಿಗೆ ಬಹುಮಾನ ಬಂತು, ಯಾರ ಧಾರಾವಾಹಿ ಯಾಕೆ ನಿಂತಿತು… ಒಮ್ಮೆ ಒಬ್ಬ ಲೇಖಕಿಗೆ ಮೈ ಸರಿಯಿಲ್ಲ, ಈ ವಾರದ ಕಂತು ಇಲ್ಲ ಅಂತ ಪತ್ರಿಕೆಯಲ್ಲಿ ಬಂದಿತ್ತು. ನಮ್ಮತ್ತೆ ಪಾಲಮಲೆ ದೇವರಿಗೆ ಹರಕೆ ಹೊತ್ತರು. ಮಗನಿಗೆ ಜ್ವರ ಬಂದಾಗಲೂ ಹರಕೆ ಹೊರದವರು.

ಹೀಗಿರುವಾಗ ಒಂದು ಹುಣಸೆ ಕಾಲದಲ್ಲಿ, ಈ ಕಾದಂಬರಿಯ ನಡುಮಧ್ಯೆ, ದೊಡ್ಡವ್ವನಿಗೆ ಸಾಲು ತಪ್ಪತೊಡಗಿತು. ಓದಿದ್ದನ್ನೇ ಓದುವಳು. ಪುಸ್ತಕವನ್ನು ಬಿಸಿಲಿಗೆ ಹಿಡಿಯುವಳು. ಸೇಲಂನ ಕಣ್ಣು ಡಾಕ್ಟರು ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರಂತೆ. ಕೇಳುವವರನ್ನು ಬಿಟ್ಟು ಒಬ್ಬಳೇ ಮುಂದೆ ಓದುವುದು ಅವಳ ಜಾಯಮಾನವಲ್ಲ. ಹಾಗಾಗಿ ಕತೆಯ ಕೊನೆ ಅವಳಿಗೂ ಗೊತ್ತಿರಲಿಲ್ಲ. ಕಣ್ಣು ಹೋಗಿದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಕಾಡಿತು ಅಂದರೆ ಸುಳ್ಳಲ್ಲ.

“ತಮಿಳು ಓದ್ತೀಯಲ್ಲವ್ವಾ, ಇದೇನು ಮಹಾ? ನಾನ್ ಏಳಿಕೊಡ್ತೀನಿ ಬಾ,” ಅಂದಳು ನನಗೆ.

ಕಾಣದ ಕಣ್ಣಲ್ಲಿ ಹೇಗೆ ಕಲಿಸುತ್ತಾಳೆ ಅಂತ ನನಗೆ ಒಳಗೊಳಗೇ ನಗು. ಅವಳು ಒಂದು ಮೊರದ ತುಂಬ ಹುಣಸೆ ಬೀಜ ತರಿಸಿದಳು. ಜಗಲಿಯ ಮೇಲೆ ಬೀಜ ಜೋಡಿಸಿ ಅಂಗೈಯಗಲದ ಅಕ್ಷರ ಮಾಡಿದಳು. ಪಕ್ಕದಲ್ಲಿ ನಾನೂ ಜೋಡಿಸಬೇಕು. ಅವಳು ಬೆರಳಾಡಿಸಿ ನೋಡಿ, ಇದಕ್ಕೆ ತಲೆಕಟ್ಟು ಎಲ್ಲಿ, ಇದರ ಹೊಟ್ಟೆ ಯಾಕೆ ಸೊಟ್ಟ ಅಂತ ಕೆಡಿಸಿ ಮತ್ತೆ ಜೋಡಿಸಲು ಹೇಳುವಳು. ಬಸುರಿ ನಾನು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು. ಒತ್ತಕ್ಷರಗಳಿಗೆ ಬರುವಷ್ಟರಲ್ಲಿ ಇಬ್ಬರಿಗೂ ಜಗಳವೇ ಆಗಿತ್ತು. ಆದರೂ ಒಂದು ದಿನ ಬೀಜದಿಂದ ಪುಸ್ತಕಕ್ಕೆ ಬಂದೆ. ಮೊದಲ ಸಾಲನ್ನು ಕೂಡಿಸಿ ಕೂಡಿಸಿ ಓದಿ ಮುಗಿಸಿದಾಗ ದೊಡ್ಡವ್ವ ನನ್ನ ಕೆನ್ನೆ ಸವರಿದಳು. ನನಗೆ ಅಳು ಬಂತು.

ಅಷ್ಟು ಹೊತ್ತಿಗೆ ಊರಿಗೆ ಕೇಬಲ್ ಬಂದಿತ್ತು. ಮಧ್ಯಾಹ್ನದ ತಮಿಳು ಸೀರಿಯಲ್ ಬಿಟ್ಟು ನನ್ನ ತಡವರಿಕೆ ಕೇಳಲು ಯಾರಿಗೆ ತಾಳ್ಮೆ? ಒಬ್ಬೊಬ್ಬರೇ ಟಿವಿ ಇರುವ ಮನೆಗೆ ಮೂಟೆ ಎಳೆದುಕೊಂಡು ಹೋದರು. ಮುಂದಿನ ಹುಣಸೆ ಕಾಲಕ್ಕೆ ಜಗಲಿಯಲ್ಲಿ ಉಳಿದದ್ದು ದೊಡ್ಡವ್ವ, ನಾನು, ಮತ್ತೆ ಕೂತಲ್ಲೇ ತೂಕಡಿಸುವ ನಮ್ಮತ್ತೆ. ನನ್ನ ಪಾಲಿನ ಹುಣಸೆ ಬಿಡಿಸಿಕೊಡುವವರಿಲ್ಲದೆ ನಾನೇ ಬಿಡಿಸುತ್ತಾ, ಸೆರಗಿಗೆ ಕೈ ಒರೆಸುತ್ತಾ ಓದಿದೆ. ಈ ಹೆಬ್ಬೆರಳ ಗುರುತುಗಳು ನನ್ನವೇ. ದೊಡ್ಡವ್ವನ ಪುಟಗಳು ಬೆಳ್ಳಗಿವೆ.

ಕೊನೆಯ ಅಧ್ಯಾಯಕ್ಕೆ ಬಂದೆವು. ನಾನು ಹಾಳೆ ತಿರುಗಿಸುವಷ್ಟರಲ್ಲಿ ಅವಳು ಪುಸ್ತಕದ ಮೇಲೆ ಕೈ ಇಟ್ಟಳು.

“ಬ್ಯಾಡ. ಎಲ್ಲಾರೂ ಸೇರಿ ಶುರು ಮಾಡಿದ್ದು. ಎಲ್ಲಾರೂ ಕೂತ ಮ್ಯಾಲೆ ಓದು.”

ಅವರು ಬರುವುದಿಲ್ಲ ದೊಡ್ಡವ್ವಾ, ಸೀರಿಯಲ್ಲು ಮುಗಿಯುವ ಜಾತಿಯದಲ್ಲ ಅಂದೆ. ಬರುತ್ತಾರೆ ಅಂದಳು. ಎಷ್ಟು ಸಲ ಹೇಳಿ ಕಳಿಸಿದಳೋ. ಅವರೂ ಕೆಟ್ಟವರಲ್ಲ, ನಾಳೆ ಬರ್ತೀವಿ ಅನ್ನುವರು. ನನಗೋ ಸಿಟ್ಟು. ನಾನೊಬ್ಬಳೇ ಓದಿಬಿಡಬಹುದಿತ್ತು, ಕೈ ಬರಲಿಲ್ಲ. ಹುಣಸೆ ಮುಗಿಯಿತು, ಕಡಲೆಕಾಯಿಯೂ ಮುಗಿಯಿತು. ಮಾರ್ಗಳಿಯ ಚಳಿಯಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ…

ತಿಥಿಯ ದಿನ ಊಟವಾದ ಮೇಲೆ ಬೀದಿಯ ಹೆಂಗಸರೆಲ್ಲ ಅದೇ ಜಗಲಿಯಲ್ಲಿ ಕೂತಿದ್ದರು. ದುಃಖದ ಮನೆ ಅಂತ ಬೀದಿಯಲ್ಲಿ ಟಿವಿ ಹಾಕಿರಲಿಲ್ಲ. ಬಿಡಿಸಲು ಹುಣಸೆಯೂ ಇಲ್ಲ. ಕೈ ಎಲ್ಲಿಡಬೇಕೋ ತಿಳಿಯದೆ ಕೆಲವರು ಸೆರಗಿನ ಅಂಚು ಸುರುಳಿ ಸುತ್ತುತ್ತಿದ್ದರು. ದೊಡ್ಡವ್ವ ಒರಗುತ್ತಿದ್ದ ಗೋಡೆಯ ಆ ಜಾಗದಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ನಮ್ಮತ್ತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಯಾವಾಗಲೂ ತೂಕಡಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ.

“ಎಲ್ಲಾರೂ ಕೂತವ್ರೆ,” ಅಂದರು ಮೆಲ್ಲಗೆ. “ಓಗು, ಪುಸ್ತಕ ತಗಂಡು ಬಾ.”

ತಂದೆ. ಓದಿದೆ. ಆಗಲೂ ತಡವರಿಸುತ್ತಲೇ ಓದಿದೆ. ಯಾರೂ ಏಳಲಿಲ್ಲ, ಬೇಗ ಬೇಗ ಅನ್ನಲಿಲ್ಲ. ಹಿಂದಿನ ಕತೆ ಮರೆತವರಿಗೆ ಪಕ್ಕದವರು ಪಿಸುಮಾತಿನಲ್ಲಿ ನೆನಪು ಮಾಡಿಕೊಟ್ಟರು, ಅವರು ಬಿಟ್ಟುಹೋದ ಮೇಲಿನ ಕತೆಯನ್ನು ನಮ್ಮತ್ತೆ ಹೇಳಿದರು. ಕತ್ತಲಾಗುವ ಮೊದಲು ಮುಗಿಯಿತು.

ಈಗ ನಮ್ಮ ಬೀದಿಯಲ್ಲಿ ಹುಣಸೆ ಬಿಡಿಸುವವರಿಲ್ಲ, ಮರದಲ್ಲಿದ್ದಾಗಲೇ ವ್ಯಾಪಾರಿಗೆ ಕೊಟ್ಟುಬಿಡುತ್ತೇವೆ. ಅತ್ತೆಯೂ ಹೋದರು. ನಾನು ಕನ್ನಡವನ್ನು ಸರಾಗವಾಗಿ ಓದುತ್ತೇನೆ, ಮನಸ್ಸಿನಲ್ಲೇ, ಒಬ್ಬಳೇ. ಇವತ್ತು ಈ ಪುಸ್ತಕದ ಕೊನೆಯ ಅಧ್ಯಾಯವನ್ನು ತಿರುಗಿ ಓದಿದೆ. ಸತ್ಯ ಹೇಳಬೇಕೆಂದರೆ ಮೊದಲ ಸಲ ಓದಿದ ಹಾಗಾಯಿತು. ಅವತ್ತು ಜಗಲಿಯಲ್ಲಿ ಬಾಯಿ ಓದುತ್ತಿತ್ತು, ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಪ್ರತಿ ಪುಟ ತಿರುಗಿಸಿದಾಗಲೂ ಆ ಗೋಡೆಯನ್ನೇ ನೋಡುತ್ತಿದ್ದೆ. ಎಲ್ಲರೂ ಬಂದು ಕೂತಿದ್ದರು. ದೊಡ್ಡವ್ವ ಮಾತ್ರ ಇರಲಿಲ್ಲ.