ಹೊಗೆಗೆ ಕಾಲಂ ಹುಡುಕಿದವನು

ಎದುರಿಗೆ ನಾವೆಲ್ಲ ಅವನನ್ನು ಸಾರ್ ಎನ್ನುತ್ತಿದ್ದೆವು. ಬೆನ್ನು ತಿರುಗಿಸಿದರೆ ಕಾಲಂ. ದೇಶ ಒಂದು ವರ್ಷದಲ್ಲಿ ಉಗುಳುವ ಹಸಿರುಮನೆ ಅನಿಲವನ್ನೆಲ್ಲ ವಲಯವಾರು ಹಂಚಿ ಬರೆಯುವುದು ನಮ್ಮ ಕಚೇರಿಯ ಕೆಲಸ. ಇಂಧನ, ಕೈಗಾರಿಕೆ, ಕೃಷಿ, ಭೂಬಳಕೆ, ತ್ಯಾಜ್ಯ ಎಂದು ಐದು ಕಾಲಂ. ಏಳು ವರ್ಷ ಅವನ ಕೆಳಗೆ ಅಂಕಿ ಕೂಡಿಸಿದವಳು ನಾನು. ಒಂದು ಚಿಮಣಿಯನ್ನಾಗಲಿ, ದನದ ಕೊಟ್ಟಿಗೆಯನ್ನಾಗಲಿ ಅವನು ಹತ್ತಿರದಿಂದ ಕಂಡವನಲ್ಲ. ಧೂಳು ಬರುತ್ತದೆಂದು ಕಿಟಕಿಯನ್ನೂ ತೆರೆಸುತ್ತಿರಲಿಲ್ಲ. ಯಾರ ಹೊಗೆಯನ್ನು ಯಾರ ತಲೆಗೆ ಕಟ್ಟಬಹುದು ಎಂಬುದರಲ್ಲಿ ಮಾತ್ರ ಬುದ್ಧಿ ಚುರುಕು. ಸಿಮೆಂಟ್ ಕಾರ್ಖಾನೆಯವರು ಬಂದು ಹಲ್ಲುಗಿಂಜಿದರೆ, "ಒಲೆಗೆ ಹಾಕಿದ ಕಲ್ಲಿದ್ದಲು ಇಂಧನಕ್ಕೆ ಹೋಗುತ್ತೆ, ಸುಣ್ಣದಕಲ್ಲು ಬಿಟ್ಟಿದ್ದಷ್ಟೇ ನಿಮ್ದು" ಎಂದು, ನಿಯಮವನ್ನು ತಾನೇ ಹೆತ್ತವನಂತೆ ಬೀಗುತ್ತಿದ್ದ.

ಊರಾಚೆ ಕಸ ಸುಟ್ಟು ಕರೆಂಟು ಮಾಡುವ ಘಟಕ ಬಂತು. ಮೊದಲ ವರ್ಷ ಅದರ ಹೊಗೆಯನ್ನು ತ್ಯಾಜ್ಯದಲ್ಲಿ ಬರೆದಿದ್ದೆವು. ಕರೆಂಟು ಬರುವುದರಿಂದ ಅದು ಇಂಧನಕ್ಕೆ ಸೇರಬೇಕು. ನಿಯಮ ಇರುವುದೇ ಹಾಗೆ. ಅವನು ತ್ಯಾಜ್ಯದಿಂದ ಹೊಡೆದುಹಾಕಿಸಿದ. ಇಂಧನ ವಿಭಾಗದವರು ಬೇಡವೆಂದು ಮುಖ ಸಿಂಡರಿಸಿದರು. ದೊಡ್ಡವರ ನಿಷ್ಠುರ ಅವನಿಗೆ ಬೇಡ. ಹೊಗೆ ಎರಡೂ ಕಡೆ ಇಲ್ಲವಾಯಿತು.

"ಸಾರ್, ಒಟ್ಟು ಲೆಕ್ಕದಲ್ಲೇ ಕಮ್ಮಿ ಆಗ್ಬಿಡ್ತಲ್ಲ?" ಎಂದೆ.

"ಕಮ್ಮಿ ಆದ್ರೆ ಒಳ್ಳೇದೇ ಅಲ್ವೇನಮ್ಮ?"

ಆ ಸಾಧನೆಗೆ ತುಂಬಿದ ಸಭೆಯಲ್ಲಿ ಸಚಿವರು ಅವನ ಬೆನ್ನು ತಟ್ಟಿದರು.

ಅವನ ಸ್ವಂತ ತಂಗಿಯ ಮನೆ ಆ ಘಟಕದ ಹಿಂದಿನ ಬೀದಿಯಲ್ಲೇ. ಒಂದು ದಿನ ಕಚೇರಿಗೇ ಬಂದು, ಒಣಗಹಾಕಿದ್ದ ಮಗಳ ಬಿಳಿ ಅಂಗಿಯನ್ನು ಅವನ ಮೇಜಿನ ಮೇಲೆ ಹರಡಿದಳು. ತುಂಬ ಕರಿ ಚುಕ್ಕೆ.

"ಅಣ್ಣಾ, ಇದಕ್ಕೆ ಯಾರನ್ನ ಕೇಳ್ಲಿ?"

"ಅದು ತ್ಯಾಜ್ಯದ್ದಲ್ಲ ಕಣೇ, ಇಂಧನದ್ದು. ಮೂರನೇ ಮಹಡಿ."

"ಅಲ್ಲಿಂದಾನೇ ಬಂದೆ. ಅವ್ರು ನಿನ್ನ ಹತ್ರ ಕಳ್ಸಿದ್ರು."

ಅವನು ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಅವಳ ಕೈಗಿಟ್ಟ. ಆಮೇಲೆ ಮೇಜು ಒರೆಸಲು ಹೇಳಿದ.

ಮರುವರ್ಷ ಹೊರಗಿನ ಪರಿಶೀಲಕರು ಆ ತೂತನ್ನು ಹಿಡಿದರು. "ಟೈಪಿಂಗ್ ತಪ್ಪು" ಎಂದು ಅವನು ನನ್ನತ್ತ ಕೈ ತೋರಿಸಿದ. ತ್ಯಾಜ್ಯದಿಂದ ಹೊಡೆದುಹಾಕಲು ಅವನೇ ಸಹಿ ಮಾಡಿ ಕೊಟ್ಟಿದ್ದ ಹಾಳೆಯನ್ನು ನಿರ್ದೇಶಕರ ಮುಂದಿಟ್ಟೆ. ಓದಿದರು, ಡ್ರಾಯರಿಗೆ ಹಾಕಿದರು. ಹೊಗೆ ಇಂಧನದ ಕಾಲಂ ಸೇರಿತು, ನಾನು ಹಳೆ ಕಡತಗಳ ಕೋಣೆ ಸೇರಿದೆ. ಅವನಿಗೆ ಬಡ್ತಿ ಸಿಕ್ಕಿ ತರಬೇತಿ ಕೇಂದ್ರಕ್ಕೆ ಹೋದ. ಈಗ ಹೊಸಬರಿಗೆ ವರ್ಗೀಕರಣದ ಪಾಠ ಹೇಳುತ್ತಾನಂತೆ. ಸಿಟ್ಟು ಮಾಡಿಕೊಳ್ಳಬೇಕಾದರೂ ಎದುರಿನ ಮನುಷ್ಯನಿಗೆ ಅಷ್ಟಾದರೂ ತೂಕವಿರಬೇಕು; ನನಗೆ ಸಿಟ್ಟೂ ಬರಲಿಲ್ಲ.

ಅವನ ತಂಗಿ ಬೇರೆ ಕಡೆ ಮನೆ ಹಿಡಿದಿದ್ದಾಳೆ. ವಿಳಾಸ ನನಗೆ ಕೊಟ್ಟಿದ್ದಾಳೆ, ಅಣ್ಣನಿಗೆ ಕೊಟ್ಟಿಲ್ಲ.